ಅಂಚಿನ ಕಲ್ಲಿಗೆ ಮೂರು ಏಟು

ನನಗೆ ದೆವ್ವ ಭೂತದಲ್ಲಿ ನಂಬಿಕೆಯಿಲ್ಲ. ವಾಡಿ ಸ್ಟೇಷನ್ನಿನ ಹೊರಗೆ ಮಿರ್ಚಿ ಭಜಿ ಕರಿಯುವವಳಿಗೆ ಬದುಕಿರುವವರ ಕಾಟವೇ ಬೇಕಾದಷ್ಟಿರುತ್ತದೆ, ಇನ್ನು ಸತ್ತವರಿಗೆಲ್ಲಿ ಪುರುಸೊತ್ತು? ನಾನು, ಈ ಸಾಯಿರಾ, ಹೀಗೆಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದವಳು. ನನ್ನ ತಮ್ಮನ ಹೆಂಡತಿ ಹಸೀನಾಗಂತೂ ದಿನಾ ಹೇಳುತ್ತಿದ್ದೆ. ಅವಳು ಕೇಳಬೇಕಲ್ಲ!

ತಮ್ಮ ಮೌಲಾಲಿ ಹೋದ ಮಳೆಗಾಲದಲ್ಲಿ ಸತ್ತ. ಶಹಾಬಾದ್ ಕಡೆಗೆ ಹೋಗುವ ದಾರಿಯಲ್ಲಿ ಒಂದು ಹಳೆಯ ಫರಸಿ ಕಲ್ಲಿನ ಗಣಿ ಇದೆ. ಒಳ್ಳೆಯ ಹಾಸುಗಲ್ಲನ್ನು ಲಾರಿಗೆ ಹಾಕಿ, ಒಡೆದದ್ದನ್ನೂ ಚೂರನ್ನೂ ಗಣಿಯ ಸುತ್ತ ಸುರಿದೂ ಸುರಿದೂ ಅಲ್ಲಿ ಗುಡ್ಡಗಳ ಸಾಲೇ ಎದ್ದಿದೆ. ಚೂರಗುಡ್ಡ ಎನ್ನುತ್ತೇವೆ. ಮಣ್ಣಿಲ್ಲ, ಗಿಡದ ಬೇರಿಲ್ಲ, ಬರೀ ಕಲ್ಲಿನ ಮೇಲೆ ಕಲ್ಲು. ಮಳೆಯಲ್ಲಿ ನೆನೆದ ಆ ಗುಡ್ಡದ ಒಂದು ಮಗ್ಗುಲು ಜಾರಿ, ಕೆಳಗೆ ಕಲ್ಲು ಸೀಳುತ್ತಿದ್ದ ಮೌಲಾಲಿಯನ್ನು ಮುಚ್ಚಿಬಿಟ್ಟಿತು. ಹೆಣ ಸಿಗಲಿಲ್ಲ. ಅವನಿಗೆ ಗೋರಿಯಿಲ್ಲ.

ಗಣಿಯವರದೊಂದು ರೂಢಿಯಿದೆ. ಆ ಹೊಂಡದಲ್ಲಿ ಕೂಗಿದರೆ ದನಿ ನಾಲ್ಕೂ ದಿಕ್ಕಿನಿಂದ ವಾಪಸು ಬರುತ್ತದೆ, ಮಾತು ಕಲಸಿಹೋಗಿ ಯಾರು ಏನೆಂದರೆಂದು ತಿಳಿಯುವುದಿಲ್ಲ. ಅದಕ್ಕೇ ಅವರು ಕೂಗುವುದಿಲ್ಲ, ಸುತ್ತಿಗೆಯಿಂದ ಕಲ್ಲಿಗೆ ಬಡಿಯುತ್ತಾರೆ. ಒಂದು ಏಟು ಎಂದರೆ ‘ಇದ್ದೀಯಾ?’. ಕೇಳಿಸಿಕೊಂಡವನು ತಾನೂ ಒಂದು ಏಟು ಕೊಡಬೇಕು. ಬಂಡೆಗೆ ಮದ್ದು ಇಟ್ಟು ಸಿಡಿಸುವ ಮುಂಚೆ, ಎಲ್ಲರಿಗಿಂತ ಕಡೆಯಲ್ಲಿ ಮೇಲೆ ಬಂದವನು ದಾರಿಯ ಅಂಚಿನ ಕಲ್ಲಿಗೆ ಮೂರು ಏಟು ಹೊಡೆಯುತ್ತಾನೆ. ಕೆಳಗೆ ಯಾರೂ ಉಳಿದಿಲ್ಲ, ಮನೆಗೆ ನಡೆಯಿರಿ ಎಂದು ಅದರ ಅರ್ಥ. ಆ ಮೂರು ಏಟನ್ನು ಯಾರೂ ಸುಳ್ಳೇ ಹೊಡೆಯುವುದಿಲ್ಲ. ಕುಡುಕರೂ ಹೊಡೆಯುವುದಿಲ್ಲ, ತಮಾಷೆಗೂ ಹೊಡೆಯುವುದಿಲ್ಲ. ಹೊಡೆದರೆ ಒಬ್ಬರ ಜೀವ ಹೋದಂತೆಯೇ.

ಮೌಲಾಲಿ ಸಿಕ್ಕಿಕೊಂಡ ದಿನ ಎಲ್ಲರೂ ಕಲ್ಲು ಬಡಿದರು. ಕೆಳಗಿನಿಂದ ಒಂದೊಂದೇ ಏಟು ಬಂತು. ಆಮೇಲೆ ಗುಡ್ಡ ಮತ್ತೆ ಜಾರತೊಡಗಿತು, ಬಗೆಯುತ್ತಿದ್ದವರು ಜೀವ ಕೈಯಲ್ಲಿ ಹಿಡಿದು ಹಿಂದೆ ಸರಿದರು. ಕೆಳಗಿನಿಂದ ಬಂದ ಆ ಏಟು ಕಲ್ಲು ಕುಸಿದು ಕೂರುವ ಸಪ್ಪಳವಷ್ಟೇ ಎಂದು ನಾನು ವಾದಿಸಿದೆ. ಹಾಗಲ್ಲದೆ ಏನೆಂದುಕೊಂಡು ನಾನು ಅವತ್ತು ಮನೆಗೆ ಹೋಗಿ ಅನ್ನ ಉಣ್ಣಬೇಕಿತ್ತು, ಹೇಳಿ?

ಹಸೀನಾ ಮಾತ್ರ ಬಿಡಲಿಲ್ಲ. ಗಣಿ ಮುಚ್ಚಿತು, ಗಂಡ ಸತ್ತವಳು ಮನೆಯೊಳಗೇ ಕೂರುವ ಇದ್ದತ್ ಮುಗಿಯಿತು. ಅವಳು ಪ್ರತಿ ಶುಕ್ರವಾರ ಚೂರಗುಡ್ಡ ಹತ್ತಿ, ನೆತ್ತಿಯ ಮೇಲೆ ಪೂರ್ತಿ ಸುತ್ತು ಹಾಕಿ, ಗಂಡ ಸಿಕ್ಕಿಕೊಂಡ ಜಾಗದ ಮೇಲೆ ಕುಳಿತು ಕಲ್ಲಿಗೆ ಕಲ್ಲು ಬಡಿದು ಬರುತ್ತಿದ್ದಳು.

“ಅವ್ರು ಜವಾಬು ಕೊಡಾಕತ್ತಾರ್ರಿ ಆಪಾ. ಜವಾಬು ಕೊಡೋರ್ನ ಬಿಟ್ಟು ನಾ ಹೆಂಗ ಬರ್ಲಿ?”

“ನಿನ್ನ ತಲಿ ಕೆಟ್ಟದ. ನೀ ಹೊಡ್ದಿದ್ದೇ ಗ್ವಾಡಿಗೆ ಬಡ್ದು ತಿರುಗಿ ಬರ್ತದ.”

“ತಿರುಗಿ ಬರೂದು ಲಗೂನ ಬರ್ತದ್ರಿ. ಅವ್ರದು ತಡಾ ಆಗ್ತದ,” ಎಂದು ತಣ್ಣಗೆ ಹೇಳಿದಳು.

ಹೋದ ಶುಕ್ರವಾರ ಜಾರಿ ಬಿದ್ದು ಮೊಣಕಾಲಿನಿಂದ ಪಾದದವರೆಗೆ ತರಚಿಸಿಕೊಂಡು ಬಂದಳು. ಈ ವರ್ಷದ ಮಳೆಯೂ ತಲೆಯ ಮೇಲೆ ಬಂದು ನಿಂತಿತ್ತು. ಅವಳ ಮಗಳು ಬಷೀರಾ ನನ್ನ ಸೆರಗು ಹಿಡಿದು, “ಫುಪ್ಪು, ಅಬ್ಬಾನ ಹಂಗ ಅಮ್ಮೀನೂ ಕಲ್ಲಿನ ಒಳಗ ಹೋಗ್ತಾಳೇನು?” ಎಂದು ಕೇಳಿತು. ಆಗಲೇ ನಾನು ನಿಶ್ಚಯಿಸಿದೆ. ಹಸೀನಾಗೆ ಮೂರು ಏಟು ಕೇಳಿಸಬೇಕು. ಯಾರೂ ಹೊಡೆಯದ ಆ ಸುಳ್ಳು ಏಟನ್ನು ನಾನೇ ಹೊಡೆಯಬೇಕು. ಪಾಪ ಬಂದರೆ ಬರಲಿ, ನನ್ನ ಲೆಕ್ಕದಲ್ಲಿ ಇನ್ನೊಂದು.

ಮೌಲಾಲಿಯ ಸುತ್ತಿಗೆ ಮನೆಯಲ್ಲೇ ಇತ್ತು. ಹಿಡಿ ಸಡಿಲಾಗಿದೆ ಎಂದು ಸಾಯುವ ದಿನ ಅದನ್ನು ಗೂಟಕ್ಕೆ ಸಿಗಿಸಿ, ಬೇರೊಂದು ಹಿಡಿದು ಹೋಗಿದ್ದ. ಅದರ ಮೂತಿ ಒಂದು ಕಡೆ ಒಡೆದಿತ್ತು. ಹೊಡೆದರೆ ಠಣ್ ಎಂದಷ್ಟಕ್ಕೇ ಮುಗಿಯದೆ, ಹಿಂದೆಯೇ ಜಿರ್ರೆಂದು ಒಂದು ಎಳೆ ಬರುತ್ತಿತ್ತು. ಗಣಿಯಲ್ಲಿ ಇನ್ನಾರ ಸುತ್ತಿಗೆಯೂ ಹಾಗೆ ಅಳುತ್ತಿರಲಿಲ್ಲ. ಅದನ್ನು ರೊಟ್ಟಿಯ ಗಂಟಿನ ಕೆಳಗೆ ಚೀಲಕ್ಕೆ ಸೇರಿಸಿ, “ಈ ಸಲ ನಾನೂ ಬರ್ತೀನಿ ನಡಿ,” ಎಂದೆ. ಹಸೀನಾ ನನ್ನನ್ನೊಮ್ಮೆ ನೋಡಿ ಚಪ್ಪಲಿ ಮೆಟ್ಟಿದಳು.

ಚೂರಗುಡ್ಡ ಹತ್ತುವುದೆಂದರೆ ಹತ್ತುವುದಲ್ಲ, ಜಗಳ. ಒಂದು ಹೆಜ್ಜೆ ಮೇಲಿಟ್ಟರೆ ಗುಡ್ಡ ಅರ್ಧ ಹೆಜ್ಜೆ ಕೆಳಗೆ ಎಳೆಯುತ್ತದೆ. ಪಾದವನ್ನು ಅಡ್ಡ ಇಡಬೇಕು, ಸಣ್ಣ ಚೂರನ್ನು ಬಿಟ್ಟು ದೊಡ್ಡ ತುಂಡಿನ ಒಳಮಗ್ಗುಲಿಗೆ ಭಾರ ಹಾಕಬೇಕು, ಒಬ್ಬರ ನೇರ ಕೆಳಗೆ ಇನ್ನೊಬ್ಬರು ಇರಬಾರದು. ಹಸೀನಾ ಮೇಕೆಯ ಹಾಗೆ ಹತ್ತಿದಳು. ನಾನು ನನ್ನ ಮೈಭಾರವನ್ನೂ ಮೊಣಕಾಲನ್ನೂ ಗಣಿ ತೋಡಿದವರ ಏಳು ತಲೆಮಾರನ್ನೂ ಬೈಯುತ್ತ ಹಿಂದೆ ಹತ್ತಿದೆ. ಚೂರುಗಳು ಕಾಲಡಿಯಿಂದ ಸರಸರ ಇಳಿದು ಹೋಗುತ್ತಿದ್ದವು. ನಾನು ನಿಂತ ಮೇಲೂ ಆ ಸದ್ದು ಸ್ವಲ್ಪ ಹೊತ್ತು ನಡೆಯುತ್ತಿತ್ತು, ನನ್ನ ಹಿಂದೆ ಇನ್ಯಾರೋ ಹತ್ತುತ್ತಿದ್ದ ಹಾಗೆ. ಎರಡು ಸಲ ತಿರುಗಿ ನೋಡಿದೆ. ಮೂರನೆಯ ಸಲ ಬೇಕೆಂದೇ ನೋಡಲಿಲ್ಲ.

ನೆತ್ತಿ ಬಂತು. ಒಂದು ಕಡೆ ಹೊಂಡದ ಹಸಿರು ನೀರು, ಇನ್ನೊಂದು ಕಡೆ ದೂರದಲ್ಲಿ ಸಿಮೆಂಟ್ ಕಾರ್ಖಾನೆಯ ಚಿಮಣಿ, ತೊಗರಿ ಬಿತ್ತಲು ಹದ ಮಾಡಿದ ಕರಿ ಹೊಲ. ಮೋಡ ಕವಿದು ಗಾಳಿಯೇ ನಿಂತಿತ್ತು. ಮೌಲಾಲಿ ಸಿಕ್ಕಿಕೊಂಡ ಇಳಿಜಾರಿನ ಮೇಲೆ ಹಸೀನಾ ಕುಳಿತು, ಕಲ್ಲೆತ್ತಿ ಒಂದು ಏಟು ಹೊಡೆದಳು. ಹೊಂಡದ ಗೋಡೆಯಿಂದ ಆ ಸದ್ದು ಕೂಡಲೇ ಮರಳಿತು. ಕೇಳಿದೆಯಾ, ಇಷ್ಟೇ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ, ಕೆಳಗೆಲ್ಲೋ ಮತ್ತೊಂದು ಬಂತು. ಮೆತ್ತಗೆ, ತಡವಾಗಿ.

“ಕಲ್ಲು ಕುಸ್ದು ಕೂಡಾಕತ್ತಾವ,” ಎಂದೆ. “ನೀ ಇಲ್ಲೇ ಕುಂದ್ರು. ಇಳಿಯೋ ದಾರಿ ಹೆಂಗದ ನೋಡ್ಕೊಂಡು ಬರ್ತೀನಿ.”

ಅಂಚಿನ ಕಲ್ಲು ಇದ್ದುದು ಹೊಂಡದ ದಾರಿ ಮೇಲೆ ಬರುವಲ್ಲಿ, ನೆತ್ತಿ ತಿರುಗುವ ಮೂಲೆಯ ಆಚೆ, ಹಸೀನಾಗೆ ಕಾಣದ ಕಡೆ. ಅಲ್ಲಿಗೆ ಹೋಗಲು ಮೌಲಾಲಿಯನ್ನು ಮುಚ್ಚಿದ ಅದೇ ಇಳಿಜಾರಿನ ತುದಿಯನ್ನು ಅಡ್ಡ ದಾಟಬೇಕಿತ್ತು. ಚೀಲದಿಂದ ಸುತ್ತಿಗೆ ತೆಗೆದು ಕೈಯಲ್ಲಿ ಹಿಡಿದೆ. ನಡುವೆ ಬಂದಾಗ ಕಾಲ ಕೆಳಗಿನ ಹಾಸು ಮೆಲ್ಲನೆ ಹೊರಟಿತು. ನಾನೂ ಹೊರಟೆ. ಯಾ ಅಲ್ಲಾ! ಬೋರಲು ಬಿದ್ದು, ಸಿಕ್ಕಿದ ಬಂಡೆಯನ್ನು ಎರಡೂ ಕೈಯಿಂದ ತಬ್ಬಿಕೊಂಡೆ. ಸುತ್ತಿಗೆ ಕೈಜಾರಿತು. ಚೂರುಗಳ ಜೊತೆ ಅದು ಉರುಳುತ್ತ ಹೋಗಿ ಅವುಗಳ ಅಡಿಗೆ ಸೇರಿದ್ದನ್ನು, ಕೊನೆಗೆ ಹಿಡಿಯ ತುದಿಯೂ ಮುಳುಗಿದ್ದನ್ನು, ನಾನು ಈ ಕಣ್ಣಿಂದ ನೋಡಿದೆ.

ಎದ್ದು ಕೂರುವಷ್ಟು ಧೈರ್ಯ ಬಂದಾಗ ಅಳು ಬಂತು. ಅಂಚಿನ ಕಲ್ಲು ಇನ್ನೂ ಆಚೆ ಇತ್ತು, ಕೈಯಲ್ಲಿ ಏನೂ ಇರಲಿಲ್ಲ. “ನಿನ್ನ ಹೇಣ್ತೀನ ಮನಿಗಿ ಕಳ್ಸೋ ಹಾಟ್ಯಾ,” ಎಂದು ಇಳಿಜಾರಿಗೆ ಬೈದೆ. ಚಿಕ್ಕವನಿದ್ದಾಗ ಬೈಯುತ್ತಿದ್ದ ಹಾಗೇ ಬೈದೆ. “ಆ ಕೂಸಿಗಿ ತಾಯಿ ಬೇಕೋ. ಕಳ್ಸೋ.”

ಆಗ ಕೇಳಿತು. ಠಣ್ ಎಂದು ಒಂದು ಏಟು, ಅದರ ಹಿಂದೆ ಜಿರ್ರೆಂದು ಆ ಎಳೆ. ಮತ್ತೊಂದು. ಮತ್ತೊಂದು. ಅಂಚಿನ ಕಲ್ಲಿನ ಕಡೆಯಿಂದಲ್ಲ, ನಾನು ಕುಳಿತಿದ್ದ ಕಲ್ಲುಗಳ ಕೆಳಗಿನಿಂದ. ಅಂಬೆಗಾಲಿಟ್ಟು ಹಸೀನಾ ಇದ್ದಲ್ಲಿಗೆ ಹೇಗೆ ವಾಪಸು ಬಂದೆನೋ ಗೊತ್ತಿಲ್ಲ.

ಅವಳು ಎದ್ದು ನಿಂತಿದ್ದಳು. ಕಣ್ಣಲ್ಲಿ ನೀರಿತ್ತು, ಮುಖ ಮಾತ್ರ ಜ್ವರ ಬಿಟ್ಟವರ ಹಾಗೆ ತಿಳಿಯಾಗಿತ್ತು. ನನ್ನ ಕೈ ಹಿಡಿದು, “ನಡೀರಿ ಆಪಾ, ಮನಿಗಿ ಹೋಗೋಣ,” ಎಂದಳು.

ಬುಡ ಮುಟ್ಟಿ, ಡಾಂಬರು ರಸ್ತೆಗೆ ಬಂದ ಮೇಲೆ ಅವಳೇ ಮಾತಾಡಿದಳು.

“ಮುಂಜಾನಿ ಗೂಟದಾಗ ಸುತ್ತಿಗಿ ಇದ್ದಿದ್ದಿಲ್ಲ. ನೀವ್ ಯಾಕ ಬರಾಕತ್ತೀರಿ ಅಂತ ಆವಾಗ್ಲೇ ಗೊತ್ತಾತು. ಆ ಸಪ್ಪಳ ನಾ ಗುರುತು ಹಿಡಿಯೂದಿಲ್ಲೇನ್ರಿ?”

ನಾನು ಚಪ್ಪಲಿಯಲ್ಲಿ ಸಿಕ್ಕ ಕಲ್ಲನ್ನು ತೆಗೆಯುವ ನೆಪ ಮಾಡಿದೆ.

“ಮೊದ್ಲು ಸಿಟ್ಟು ಬಂತು. ಆಮ್ಯಾಲ ಕುಂತು ವಿಚಾರ ಮಾಡ್ದೆ. ಯಾರೂ ಸುಳ್ಳ ಹೊಡಿಯಂಗಿಲ್ಲ ಅದನ್ನ. ನೀವ್ ಹೊಡದ್ರಿ. ನಂಗಾಗಿ ಅಷ್ಟು ದೊಡ್ಡ ಪಾಪ ಹೊತ್ಕೊಂಡ್ರಿ ಅಂದ್ರ, ನಾ ನಿಮಗೆಲ್ಲಾ ಎಷ್ಟು ಭಾರ ಆಗಿರಬೇಕು. ಇನ್ನ ಬರೂದಿಲ್ರಿ. ಬಷೀರಾನ ಆಣಿ.”

ನಿಜ ಹೇಳಲು ಬಾಯಿ ತೆರೆದೆ. ಹೇಳಿದ್ದರೆ ಅವಳು ಅಲ್ಲಿಂದಲೇ ತಿರುಗಿ ಓಡುತ್ತಿದ್ದಳು, ಬರಿಗೈಯಿಂದ ಕಲ್ಲು ಬಗೆಯುತ್ತಿದ್ದಳು. ಮೊದಲ ಮಳೆಯ ಹನಿ ಬಿದ್ದು ರಸ್ತೆಯ ಧೂಳು ಘಮ್ಮೆಂದಿತು. ಬಾಯಿ ಮುಚ್ಚಿಕೊಂಡೆ. ಇಷ್ಟು ವರ್ಷ ಬಾಯಿ ಬಿಟ್ಟು ಬಾಳಿದವಳಿಗೆ ಇನ್ನು ಸಾಯುವ ತನಕ ಮುಚ್ಚಿಕೊಂಡಿರುವ ಕೆಲಸ ಬಿತ್ತು.

ಹಸೀನಾ ನನ್ನ ಚೀಲ ಇಸಿದುಕೊಂಡು ಒಳಗೆ ಕೈಯಾಡಿಸಿದಳು. “ಸುತ್ತಿಗಿ ಎಲ್ಲದ್ರಿ ಆಪಾ?”

ಗುಡ್ಡದ ಕಡೆ ತಿರುಗಿ ನೋಡದೆ ಹೇಳಿದೆ.

“ಅವ್ನ ಹತ್ರಾನೇ ಅದ.”