ಬುಟ್ಟಿಯಲ್ಲಿ ಇಳಿದು ಬಂದ ನಂಜುಂಡೇಶ

ಊಟಿ ಹತ್ತಿರದ ಕೂಕಲ್ತೊರೈಯಲ್ಲಿ ಹಸು ಟೀ ತೋಟದ ಇಳಿಜಾರಿನಲ್ಲಿ ಜಾರಿ ಸಾಯುವುದು ಹೊಸದಲ್ಲ. ಪಕ್ಕದ ಮನೆಯ ಹಸು ಹಾಗೆ ಸತ್ತ ಮರುವಾರವೇ ನಂಜುಂಡೇಶ ತನ್ನ ಹಸುವಿಗೆ ವಿಮೆ ಮಾಡಿಸಿ ಕಿವಿಗೆ ವಿಮೆಯ ಗುರುತಿನ ಬಿಲ್ಲೆ ಹೊಡೆಸಿದ. ಅಂಥ ಜಾಣ, ಹೆಂಡತಿಯೊಡನೆ ಪರದೇಶಕ್ಕೆ ಹೊರಟಾಗ ಮಾತ್ರ ವಿಮೆಯ ಹೆಸರೆತ್ತಿದರೆ ಉರಿದುಬಿದ್ದ.

ಪರದೇಶ ಎಂದರೆ ನೇಪಾಳ. ವಿಷ ಕುಡಿದ ಶಿವ ಗಂಟಲುರಿ ಆರಿಸಿಕೊಂಡ ಕೊಳ ಅಲ್ಲಿನ ಬೆಟ್ಟದ ಮೇಲಿದೆ, ಗೋಸಾಯಿಕುಂಡ. ನಂಜುಂಡನ ಹೆಸರಿಟ್ಟುಕೊಂಡವನು ಅದನ್ನು ನೋಡದೆ ಸಾಯಬಾರದು ಎಂದು ಅವನ ಹಟ. ಏಜೆಂಟು ಬೇಡ, ಗುಂಪು ಬೇಡ. ರೈಲು, ಬಸ್ಸು, ನಡಿಗೆ, ಎಲ್ಲ ಅವನೇ ಗೊತ್ತುಮಾಡಿದ.

ಹೆಂಡತಿ ಪುಟ್ಟಲಿಂಗಮ್ಮನ ತಮ್ಮ ಬೆಟ್ಟಯ್ಯ ಊಟಿಯ ಬ್ಯಾಂಕಿನಲ್ಲಿ ಕೆಲಸದವನು. ಸುದ್ದಿ ಕೇಳಿ ಬಂದ.

“ಭಾವ, ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿದ್ರಾ?”

“ನೇಪಾಳ ಏನೋ ಫಾರಿನ್ನು? ವೀಸಾ ಇಲ್ಲ, ಪಾಸ್‌ಪೋರ್ಟ್ ಬೇಡ. ನಮ್ಮ ರೂಪಾಯೇ ಅಲ್ಲಿ ಓಡುತ್ತೆ.”

“ರೂಪಾಯಿ ಓಡುತ್ತೆ ಭಾವ, ನೀವು ಓಡ್ಬೇಕಲ್ಲ? ಆ ಕೊಳ ಊಟಿಗಿಂತ ಎರಡರಷ್ಟು ಎತ್ತರದಲ್ಲಿದೆ. ಅಲ್ಲಿ ಉಸಿರೇ ಸಾಲಲ್ಲ. ನಿಮಗೆ ಬಿಪಿ ಬೇರೆ.”

“ಮೆತ್ತಗೆ ಮಾತಾಡೋ! ಬಿಪಿ ಗಿಪಿ ಅಂತ ಊರಿಗೆಲ್ಲ ಸಾರ್ತೀಯಾ? ನಾನು ಬೆಟ್ಟದಲ್ಲೇ ಹುಟ್ಟಿದವನು. ಮೀನಿಗೆ ಈಜು ಕಲಿಸೋಕೆ ಬಂದ! ಶಿವನ ಹತ್ರ ಹೊರಟವನ ಮುಂದೆ ಕಾಯಿಲೆ ಮಾತಾಡ್ತೀಯಲ್ಲ, ನಿನ್ನ ಬಾಯಿಗೆ ಬೀಗ ಹಾಕ.”

ಒಲೆ ಮುಂದಿದ್ದ ಪುಟ್ಟಲಿಂಗಮ್ಮ ಹೇಳಿದಳು: “ಹಸುಗೆ ಮಾಡಿಸಿದೋರು ನಮಗೂ ಒಂದು ಮಾಡಿಸಿದ್ರೆ ಗಂಟೇನು ಹೋಗುತ್ತೆ?”

“ಹಸು ಹಾಲು ಕೊಡುತ್ತೆ ಕಣೇ!” ಎಂದು ನಂಜುಂಡೇಶ ಹೊಟ್ಟೆ ಹಿಡಿದು ನಕ್ಕ. ಅವಳು ನಗಲಿಲ್ಲ.

ನೇಪಾಳದ ಬೆಟ್ಟದಲ್ಲಿ ಬೇರೆ ಯಾತ್ರಿಕರು ಅಲ್ಲಲ್ಲಿ ತಂಗಿ, ಎತ್ತರಕ್ಕೆ ಮೈ ಒಗ್ಗಿಸಿಕೊಂಡು ಹತ್ತಿದರು. ಇವನು “ಇದೊಂದು ಏರಾ?” ಎನ್ನುತ್ತ ಎಲ್ಲರನ್ನೂ ಹಿಂದೆ ಹಾಕಿದ. ತಲೆ ಸಿಡಿಯತೊಡಗಿದಾಗ ಬಿಸಿಲು ಎಂದ. ವಾಂತಿಯಾದಾಗ ಊಟ ಸರಿಯಿರಲಿಲ್ಲ ಎಂದ. ಕೊಳ ಇನ್ನೊಂದು ತಿರುವಿನಾಚೆ ಇದೆ ಎನ್ನುವಾಗ ಕುಸಿದು ಕೂತ. ಹೆಂಡತಿಯನ್ನು ಕರೆಯಲು ಬಾಯಿ ತೆರೆದರೆ ಅವಳ ಹೆಸರೇ ನೆನಪಾಗಲಿಲ್ಲ.

ಯಾತ್ರಿಕರಿಗೆಂದು ಹಾಕಿದ್ದ ಡೇರೆಯ ವೈದ್ಯ ನೋಡಿ, “ಈಗಲೇ ಕೆಳಗಿಳಿಸಬೇಕು, ತಡಮಾಡಿದರೆ ಜೀವಕ್ಕೆ ಅಪಾಯ” ಎಂದ. ಅವನೇ ಹೆಲಿಕಾಪ್ಟರಿನವರಿಗೆ ಫೋನು ಮಾಡಿ ವಿಚಾರಿಸಿದರೆ ಅಲ್ಲಿಂದ ಬಂದದ್ದು ಒಂದೇ ಪ್ರಶ್ನೆ: “ಇನ್ಶೂರೆನ್ಸ್ ಇದೆಯಾ? ಇಲ್ಲದಿದ್ದರೆ ಹಣಕ್ಕೆ ಯಾರು ಹೊಣೆ?”

ಪುಟ್ಟಲಿಂಗಮ್ಮ ಗಂಡನ ಮುಖ ನೋಡಿದಳು. ಅವನು ಕಣ್ಣು ಮುಚ್ಚಿಕೊಂಡ. ತಲೆನೋವಿನಿಂದಲ್ಲ.

ಆಮೇಲೆ ಅವಳು ಅವನ ತಲೆಯ ಉಣ್ಣೆ ಟೋಪಿ ತೆಗೆದು, ಗುರುತಿಲ್ಲದ ಯಾತ್ರಿಕರ ಮುಂದೆ ಒಬ್ಬೊಬ್ಬರಿಗೇ ಚಾಚಿದಳು. ಬಾಗಿಲಿಗೆ ಬಂದ ಜಂಗಮರನ್ನು ಬರಿಗೈಲಿ ಕಳಿಸದ ಮನೆಯ ಹೆಂಗಸು! ಮಾತು ಬಾರದ ಊರಿನಲ್ಲಿ ಅವಳು ಕೈ ಮುಗಿದದ್ದನ್ನು ಅವನು ಮಲಗಿದಲ್ಲಿಂದಲೇ ಕಂಡ.

ಬಿದ್ದ ಹಣ ಹೆಲಿಕಾಪ್ಟರಿಗೆ ಎಲ್ಲಿ ಸಾಕು? ಹೊರೆಯಾಳಿಗೆ ಸಾಕಾಯಿತು. ಕಡ್ಡಿಯಂಥ ಮನುಷ್ಯನೊಬ್ಬ ಇವನನ್ನು ಬಿದಿರು ಬುಟ್ಟಿಯಲ್ಲಿ ಕೂರಿಸಿ, ಬುಟ್ಟಿಯ ಪಟ್ಟಿಯನ್ನು ತನ್ನ ಹಣೆಗೆ ಕೊಟ್ಟು ಬೆನ್ನಮೇಲೆ ಹೊತ್ತ. ಊರಿನ ಟೀ ತೋಟದಲ್ಲಿ ಎಲೆ ಕೊಯ್ಯುವವರಿಗೆ “ಬುಟ್ಟಿ ಯಾಕ್ರೇ ತುಂಬಿಲ್ಲ?” ಎಂದು ಗದರುತ್ತಿದ್ದವನು ಈಗ ತಾನೇ ಬುಟ್ಟಿ ತುಂಬಿ ಕೂತಿದ್ದ. ಕೆಳಕೆಳಗೆ ಇಳಿದಂತೆ ಉಸಿರು ತಿರುಗಿತು, ತಲೆನೋವು ಇಳಿಯಿತು. ತಲೆನೋವು ಇಳಿದಷ್ಟೂ ನಾಚಿಕೆ ಏರಿತು. ಹಿಂದೆ ಎರಡೂ ಚೀಲ ಹೊತ್ತು, ಕೊಳ ನೋಡದೆಯೇ ಹೆಂಡತಿ ನಡೆದು ಬರುತ್ತಿದ್ದಳು.

ಊರಿಗೆ ಬಂದ ಮೇಲೆ ಅವಳು ಎಂದಿನಂತೆ ಮನೆಗೆಲಸಕ್ಕೆ ಇಳಿದಳು. ಬೈದಿದ್ದರೆ ವಾಸಿಯಿತ್ತು. ಹಾಲು ಕರೆಯಲು ಕೂತರೆ ಹಸುವಿನ ಕಿವಿಯ ಬಿಲ್ಲೆ ಕಣ್ಣಿಗೆ ಚುಚ್ಚುತ್ತಿತ್ತು. ಮುಂದಿನ ವರ್ಷ ಯಾತ್ರೆಯ ಕಾಲ ಬಂದಾಗ ಅವನೇ ಬೆಟ್ಟಯ್ಯನಿಗೆ ಹೇಳಿಕಳಿಸಿದ.

“ನಿನ್ನಕ್ಕ ಕೊಳ ನೋಡ್ಲಿಲ್ಲ ಕಣೋ. ಆ ಇನ್ಶೂರೆನ್ಸ್ ಹೆಂಗೆ ಆರಿಸೋದು, ಹೇಳು.”

ಬೆಟ್ಟಯ್ಯ ಹಂಗಿಸಲಿಲ್ಲ. “ಅಗ್ಗ ಅಂತ ಮೊದಲು ಸಿಕ್ಕಿದ್ದನ್ನ ತಗೋಬೇಡಿ ಭಾವ. ಹೋಗೋ ದೇಶ ಅದರಲ್ಲಿ ಸೇರಿದೆಯಾ ಕೇಳಿ. ಎಷ್ಟು ಎತ್ತರದವರೆಗೆ ಪಾಲಿಸಿ ನಡೆಯುತ್ತೆ, ಹೆಲಿಕಾಪ್ಟರಿನ ಖರ್ಚು ಕೊಡ್ತಾರಾ ಕೇಳಿ. ಕೆಲವು ಪಾಲಿಸೀಲಿ ಅದು ಇರಲ್ಲ. ಹೊರಟ ದಿನದಿಂದ ಮನೆಗೆ ಬರೋ ದಿನದವರೆಗೂ ಇರ್ಬೇಕು. ಅವರ ಫೋನ್ ನಂಬರು ಜೊತೆಗಿರೋರ ಹತ್ರನೂ ಇರ್ಲಿ. ಇರೋ ಕಾಯಿಲೆ ಮುಚ್ಚಿಡ್ಬೇಡಿ. ಮುಚ್ಚಿಟ್ರೆ ಕಷ್ಟಕಾಲದಲ್ಲಿ ಅವರು ಕೈ ಎತ್ತಿಬಿಡ್ತಾರೆ.”

ನಂಜುಂಡೇಶ ತಲೆ ತಗ್ಗಿಸಿದ. “ನನಗೆ ಬಿಪಿ ಇದೆ ಅಂತ ಹೇಳ್ತೀನಪ್ಪ, ಎಲ್ಲರ ಮುಂದೂ ಹೇಳ್ತೀನಿ.”

ಹೊರಡುವ ಮೊದಲು ತೋರಿಸಿದಾಗ ಡಾಕ್ಟರು ಪರೀಕ್ಷೆ ಮಾಡಿ, ಅಷ್ಟು ಎತ್ತರ ಇನ್ನು ನಿಮಗೆ ಬೇಡವೆಂದರು. ಅವನು ಜಗಳವಾಡಲಿಲ್ಲ. “ಹಂಗಾದ್ರೆ ಅಕ್ಕ ತಮ್ಮ ಹೋಗಿಬನ್ನಿ. ಹಸು ನಾನು ನೋಡ್ಕೋತೀನಿ. ಪಾಲಿಸೀಲಿ ಮೊದಲು ಅವಳ ಹೆಸರು ಬರಿ.”

ಅಷ್ಟು ದಿನಗಳ ಮೇಲೆ ಪುಟ್ಟಲಿಂಗಮ್ಮ ನಕ್ಕಳು. “ನನ್ನ ಕಿವಿಗೂ ಬಿಲ್ಲೆ ಹೊಡಿಸ್ತೀರಾ?”

ಬೆಟ್ಟಯ್ಯನೂ ನಕ್ಕ. ನಂಜುಂಡೇಶನಿಗೆ ನಗಲಾಗಲಿಲ್ಲ. ಪೆಟ್ಟಿಗೆಯಿಂದ ಆ ಉಣ್ಣೆ ಟೋಪಿ ತೆಗೆದು, ಒಗೆದು ಒಣಗಿಸಿ, ಅವಳ ಚೀಲದಲ್ಲಿಟ್ಟ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮಷ್ಟಕ್ಕೆ ನೀವೇ ಪರದೇಶಕ್ಕೆ ಹೊರಟಿದ್ದೀರಾ? ಧಾರಾಳವಾಗಿ ಹೋಗಿ. ಆದರೆ ಪ್ರಯಾಣದ ವಿಮೆಯನ್ನು ಓದಿಸಿ, ಕೇಳಿ, ನಿಮ್ಮ ದಾರಿಗೆ ತಕ್ಕದ್ದನ್ನು ಆರಿಸಿ, ಹೊರಡುವ ಮೊದಲೇ ಮಾಡಿಸಿ. ಒಂದು ಪ್ರಶ್ನೆ ಕೇಳಲು ಇವತ್ತು ನಾಚಿಕೊಂಡರೆ, ನಾಳೆ ನಿಮ್ಮ ಮನೆಯವರು ಕಂಡವರ ಮುಂದೆ ಟೋಪಿ ಚಾಚಬೇಕಾದೀತು.