ಕೆರೆದು ಕೆರೆದು ನೋಡಿದ ಅಂಜೂರ

ಚೊಚ್ಚಲ ಹೆರಿಗೆಗೆಂದು ತವರೂರು ಅಮ್ಮಿನಬಾವಿಗೆ ಹೊರಟ ಶೇವಂತೆವ್ವ ಗಂಡನಿಗೆ ಒಂದೇ ಮಾತು ಹೇಳಿದ್ದಳು. "ನಾ ಬರೂತನಕ ಈ ಅಂಜೂರದ ಸಸಿ ಉಳಿಸಿ ತೋರಸ್ರಿ. ಕೂಸಿನ್ನ ನಿಮ್ಮ ಕಡೆ ಬಿಟ್ಟು ಸಾಲಿಗೆ ಹೊಕ್ಕೇನಿ."

ಆಕೆ ಸರಕಾರಿ ಶಾಲೆಯ ಅಕ್ಕೋರು. ಗಂಡ ನೀಲಪ್ಪನಿಗೆ ಹುಬ್ಬಳ್ಳಿಯ ಗಿರಣಿಯಲ್ಲಿ ಸಂಜೆ ಪಾಳಿ, ಹಗಲೆಲ್ಲ ಮನೆಯಲ್ಲೇ. ಲೆಕ್ಕಾಚಾರವೇನೋ ಸರಿಯಾಗಿತ್ತು, ಆದರೆ ನೀಲಪ್ಪನ ಅತ್ತೆ, ಶೇವಂತೆವ್ವನ ತಾಯಿ ಯಂಕವ್ವ ಒಪ್ಪಬೇಕಲ್ಲ! "ಗಂಡಸರ ಕೈಯಾಗ ಹಸಗೂಸು? ಅದು ನಮ್ಮೂರಾಗ ನನ್ನ ಹಂತ್ಯಾಕ ಬೆಳೀಲಿ" ಎಂದು ಪಟ್ಟು ಹಿಡಿದಿದ್ದಳು. ಅದಕ್ಕೇ ಈ ಸಸಿಯ ಪರೀಕ್ಷೆ.

ನೀಲಪ್ಪ ಸಸಿಗೆ ನೀರು ಹಾಕಿದ್ದೇ ಹಾಕಿದ್ದು. ಆದರೂ ಚಳಿ ಬಿದ್ದದ್ದೇ ತಡ, ಎಲೆಗಳೆಲ್ಲ ಹಳದಿಯಾಗಿ ಉದುರಿದವು. ಅರವತ್ತಮೂರನೇ ಇಸವಿಯ ಸಂಕ್ರಾಂತಿಗೆ ಅಂಗಳದಲ್ಲಿ ಬರೀ ಕಡ್ಡಿ ನಿಂತಿತ್ತು. ಪೇಟೆಯಲ್ಲೇ ಹುಟ್ಟಿ ಬೆಳೆದ ಮನುಷ್ಯ, ಗಿಡ ಸತ್ತೇ ಹೋಯಿತೆಂದುಕೊಂಡ. ಒಮ್ಮೆಯಷ್ಟೇ ನೋಡಿಬಂದಿದ್ದ ಮಗಳು ಆಗಲೇ ಕೈತಪ್ಪಿ ಹೋಗುವ ಹಾಗಿತ್ತು.

ಪಕ್ಕದ ಮನೆಯ ಗುಲ್ಜಾರಬಿ ಉಪಾಯ ಹೇಳಿದಳು. "ಉಗುರಿಲೆ ತೊಗಟಿ ಚೂರು ಕೆರದು ನೋಡಪಾ. ಒಳಗ ಹಸರ ಇದ್ರ ಜೀವ ಐತಿ. ಒಣಗಿ ಕಂದಾಗಿದ್ರ ಸತ್ತೈತಿ."

ಕೆರೆದ. ಹಸಿರು! ಮೇಲೊಂದು ಹಾಲಿನ ಹನಿ ಬೇರೆ. ಅಂದು ಗಿರಣಿಗೆ ಹಾಡಿಕೊಳ್ಳುತ್ತ ಹೋದ. ಮರುದಿನ ಎದ್ದ ಕೂಡಲೇ ಅನುಮಾನ. ನಿನ್ನೆಯೇನೋ ಇತ್ತು, ಇವತ್ತು? ಮತ್ತೆ ಕೆರೆದ, ಹಸಿರು. ಆಮೇಲೆ ಅದೇ ಚಟವಾಯಿತು. ಜೀವವಿದೆ ಎಂದು ಗೊತ್ತಾದಷ್ಟೂ ಈ ಮಹಾಶಯನ ಭಯ ಹೆಚ್ಚಿತು. ಬುಡದಿಂದ ತುದಿಯವರೆಗೆ ಸಸಿಯ ಮೈಮೇಲೆ ಗಾಯವೋ ಗಾಯ.

ಒಂದು ರವಿವಾರ ಶೇವಂತೆವ್ವ ಕೂಸನ್ನೆತ್ತಿಕೊಂಡು ಬಂದಳು. ಜೊತೆಗೆ ಬಂದ ಯಂಕವ್ವ ಕಾಲು ತೊಳೆಯುವ ಮೊದಲೇ ಗಿಡದ ಹತ್ತಿರ ಹೋದಳು.

"ಅಯ್ಯ! ಇದರ ತೊಗಲು ಸುಲದವ್ರು ಯಾರು?"

"ನಾನ ರೀ ಅತ್ತಿ" ಎಂದ ನೀಲಪ್ಪ. "ಎಲಿ ಎಲ್ಲಾ ಉದುರಿದ್ವು. ಜೀವ ಐತೋ ಇಲ್ಲೋ ಅಂತ ದಿನಾ ಕೆರದು ನೋಡೇನ್ರಿ."

"ಚಳಿಯಾಗ ಅಂಜೂರ ಎಲಿ ಉದುರಿಸಿ ಮಲಗತೈತ್ರಿ ಅಳಿಯಾರ! ಗಿಡದ ನಿದ್ದಿನ ಕೆಡಿಸಿದವರು ಕೂಸಿನ್ನ ಬಿಡತೀರೇನು? ಶೇವಂತಿ, ಕೂಸಿನ್ನ ಇಲ್ಲೆ ಕೊಡು. ನಾ ಎತ್ತಿಕೊಂಡು ಊರಿಗೆ ಹೊಕ್ಕೇನಿ."

ನೀಲಪ್ಪನಿಗೆ ಅಳುವೇ ಬಂತು. ಶೇವಂತೆವ್ವ ಗಾಯಗಳ ಮೇಲೆ ಬೆರಳಾಡಿಸಿದಳು, ಗಂಡನ ಮುಖ ನೋಡಿದಳು.

"ಬ್ಯಾಡವ್ವಾ. ಗಾಯ ಮಾಯತಾವ. ಗಿಡಕ್ಕಂತ ಜೀವ ಕೈಯಾಗ ಹಿಡಕೊಂಡು ಕುಂತವರು ಕೂಸಿನ್ನ ಬಿಟ್ಟು ಎಲ್ಲಿ ಹೊಕ್ಕಾರ? ನಾಳೆ ನಾ ಸಾಲಿಗೆ ಹೊಕ್ಕೇನಿ."

ಕೂಸನ್ನು ತೊಟ್ಟಿಲಲ್ಲಿ ಮಲಗಿಸಿ ಆಕೆ ಒಳಗೆ ಹೋದಳು. ನೀಲಪ್ಪ ಹಿಗ್ಗಿನಿಂದ ಬಗ್ಗಿ ನೋಡಿದ. ಮಗಳು ಮಿಸುಕಾಡದೆ ಮಲಗಿದ್ದಳು. ತೀರಾ ಮಿಸುಕಾಡದೆ. ಅವನ ಬೆರಳು ಮೆಲ್ಲಗೆ ಅವಳ ಮೂಗಿನ ಹತ್ತಿರ ಹೋಯಿತು.

"ಏನ್ರೀ," ಬಾಗಿಲಲ್ಲಿ ಶೇವಂತೆವ್ವ ನಿಂತಿದ್ದಳು. "ಮಲಗಿದ್ದು ಮಲಗಿರ್ಲಿ."

ನೀಲಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ತೊಟ್ಟಿಲ ಪಕ್ಕದಲ್ಲಿ ಕುಳಿತ.