ಉಡುದಾರಕ್ಕೆ ಕಟ್ಟಿದ ಕೀ

ಗಂಡ ಸತ್ತ ಎರಡು ತಿಂಗಳಿಗೆ ಹನುಮಂತರಾಯಪ್ಪ ಸರಿತಾಳ ಮನೆ ಬಾಗಿಲಿಗೆ ಬಂದ. ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು, ಮುಖದಲ್ಲಿ ಒಂದು ಮೂಟೆ ದುಃಖ. ಕೃಷ್ಣಗಿರಿ ಹತ್ತಿರದ ಡ್ಯಾಮಿನಲ್ಲಿ ಬೋಟು ಬಿಡುವ ಗುತ್ತಿಗೆ ಹಿಡಿದವನು ಇವನೇ, ಸರಿತಾಳ ಗಂಡ ಮುನೀಶ್ ಮುಳುಗಿ ಸತ್ತಿದ್ದೂ ಇವನ ಬೋಟಿನಲ್ಲೇ. ಮಣ್ಣಿಗೂ ಬಾರದವನು, ತಿಥಿಗೂ ಬಾರದವನು ಈಗ ಬಂದನೆಂದರೆ ಏನೋ ಕೆಲಸವಿದೆ ಎಂದು ಚಾಪೆ ಹಾಸುವಾಗಲೇ ಅವಳಿಗೆ ಗೊತ್ತಾಗಿತ್ತು.

"ನೋಡಮ್ಮ, ನಾನು ನಿನ್ನ ಒಡಹುಟ್ಟಿದ ಅಣ್ಣ ಅನ್ಕೋ," ಎಂದು ಶುರು ಮಾಡಿದ.

ವಿಷಯ ಇಷ್ಟೇ. ಮುಳುಗಿದ ಬೋಟಿಗೆ ಇನ್ಶೂರೆನ್ಸ್ ಇತ್ತು. ಆದರೆ ಲೈಸೆನ್ಸ್ ಇರುವ ಡ್ರೈವರ್ ಓಡಿಸಿದ್ದರೆ ಮಾತ್ರ ಕಂಪನಿ ದುಡ್ಡು ಕೊಡುತ್ತದೆ. ಲೈಸೆನ್ಸ್ ಇದ್ದದ್ದು ಬಚ್ಚಪ್ಪನಿಗೆ, ಅವನು ಆವತ್ತು ಡೆಂಕಣಿಕೋಟೆಯಲ್ಲಿ ಮದುವೆ ಊಟ ಮಾಡುತ್ತಿದ್ದ. ಓಡಿಸಿದ್ದು ಟಿಕೆಟ್ ಹರಿಯುವ ಕೆಲಸದ ಮುನೀಶ್.

"ಬಚ್ಚಪ್ಪನೇ ಓಡುಸ್ತಿದ್ದ ಅಂತ ಬರ್ಕೊಡ್ತೀನಿ, ಅವನೂ ಒಪ್ಪವ್ನೆ. ಮುನೀಶ ಸುಮ್ನೆ ಪ್ಯಾಸೆಂಜರ್. ವಸಿ ಕುಡ್ದಿದ್ದ, ನಡು ನೀರಲ್ಲಿ ಎದ್ದು ಕುಣ್ದ, ಬೋಟು ಮಗುಚ್ಕೊಂತು. ಪ್ಯಾಸೆಂಜರ್ ಸತ್ರೆ ಮನೆಯೋರ್ಗೆ ಒಂದು ಲಕ್ಷ ಬತ್ತದೆ ಕಣಮ್ಮ. ಸೋಮವಾರ ಕಂಪನಿಯೋರು ದಡಕ್ಕೆ ಬತ್ತಾರೆ, ನೀನೂ ಬಂದು ಹೂಂ ಅಂದ್ರೆ ಸಾಕು."

ಮುನೀಶ್ ಕುಡಿದಿದ್ದನಂತೆ. ಹಾಗಂದವನ ಬಾಯಿಗೆ ಹುಳ ಬೀಳ. ಮದುವೆ ಮನೆಯಲ್ಲಿ ಸೋಡಾ ಕುಡಿದು ತೇಗುವುದಕ್ಕೂ ನಾಚುತ್ತಿದ್ದ ಮನುಷ್ಯ ಅವನು. ಆ ದಿನ ಬುತ್ತಿ ತಂದಿದ್ದ ಸರಿತಾ ದಡದಲ್ಲೇ ನಿಂತಿದ್ದಳು, ಎಲ್ಲವನ್ನೂ ಕಿವಿಯಾರೆ ಕೇಳಿದ್ದಳು. "ಗಾಳಿ ಎದ್ದದೆ ಸಾಮಿ, ಅರ್ಧ ಗಂಟೆ ತಡೀರಿ," ಎಂದು ಮುನೀಶ್ ಅಂದದ್ದಕ್ಕೆ ಇದೇ ಹನುಮಂತರಾಯಪ್ಪ, "ಗಾಳಿಗೆ ಹೆದರೋನು ಹೆಂಡ್ತಿ ಸೀರೆ ಉಟ್ಕೊಂಡು ಮೀನು ಕರಿಯಕ್ಕೆ ಕೂತ್ಕೊಳ್ಲಾ," ಎಂದಿದ್ದ. ಟಿಕೆಟ್ ಕೊಂಡಿದ್ದವರೆಲ್ಲ ನಕ್ಕಿದ್ದರು. ಮುನೀಶ್ ಹೆಂಡತಿಯ ಕಡೆ ನೋಡದೆ ಬೋಟು ಹತ್ತಿದ. ನಕ್ಕ ಹನ್ನೊಂದು ಜನರನ್ನೂ ಮೀನು ಹಿಡಿಯುವವರು ಹರಿಗೋಲಿಗೆ ಎಳೆದುಕೊಂಡರು. ಸೇಲಂ ಕಡೆಯವರು, ಬಟ್ಟೆ ಒಣಗುವ ಮುಂಚೆ ಊರು ಬಿಟ್ಟರು. ಅವರ ವಿಳಾಸ ಯಾರೂ ಬರೆದುಕೊಳ್ಳಲಿಲ್ಲ. ಮುನೀಶ್ ಸಿಕ್ಕಿದ್ದು ಮಾರನೆಯ ದಿನ.

ಒಳಗಿನಿಂದ ಅತ್ತೆ ವರಲಕ್ಷ್ಮಮ್ಮ ಬಂದು ಬಾಗಿಲಿಗೆ ಒರಗಿ ನಿಂತಳು. "ಹೂಂ ಅನ್ನೇ. ಹೋದೋನು ಬರಾಕಿಲ್ಲ. ಮಗೂನ ಓದುಸ್ಬೇಕು," ಎಂದಳು.

ಸರಿತಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಆಯ್ತಣ್ಣ, ಬತ್ತೀನಿ. ನೀವು ಹೆಂಗೆ ಹೇಳ್ತೀರೋ ಹಂಗೆ."

ಅವನು ತಿರುವು ದಾಟುವವರೆಗೆ ಕಾದು ಬಾಳೆಹಣ್ಣನ್ನು ಎದುರುಮನೆಯ ಮೇಕೆಗೆ ಹಾಕಿದಳು. ಆಮೇಲೆ ಟ್ರಂಕು ತೆಗೆದು, ತಳದಲ್ಲಿದ್ದ ಪೊಟ್ಟಣ ಬಿಚ್ಚಿದಳು. ಮುನೀಶನಿಗೆ ಒಂದು ಅಭ್ಯಾಸವಿತ್ತು. ಬಚ್ಚಪ್ಪ ಇಲ್ಲದಾಗ ಬೋಟು ಓಡಿಸಿದರೆ ಇಂಜಿನ್ ಕೀಗೆ ದಾರ ಕಟ್ಟಿ, ಅದರ ಇನ್ನೊಂದು ತುದಿಯನ್ನು ತನ್ನ ಉಡುದಾರಕ್ಕೆ ಗಂಟು ಹಾಕಿಕೊಳ್ಳುತ್ತಿದ್ದ. ತಾನು ನೀರಿಗೆ ಬಿದ್ದರೆ ಕೀ ಕಿತ್ತು ಬಂದು ಇಂಜಿನ್ ನಿಲ್ಲಲಿ, ಬೋಟಿನಡಿ ನೀರಲ್ಲಿ ತಿರುಗುವ ಫ್ಯಾನು ಯಾರ ಕಾಲನ್ನೂ ಕೊಯ್ಯದಿರಲಿ ಎಂದು. ಆಸ್ಪತ್ರೆಯಲ್ಲಿ ಹೆಣದ ಉಡುದಾರ ಕತ್ತರಿಸಿದಾಗ ಕೀಯೂ ಅದರ ಜೊತೆಗೇ ಬಂತು. ಅಲ್ಲಿನ ಗುಮಾಸ್ತ ಪುಣ್ಯಾತ್ಮ, ತಾಯತ ಒಂದು, ದಾರಕ್ಕೆ ಕಟ್ಟಿದ ಕೀ ಒಂದು ಎಂದು ತಮಿಳಿನಲ್ಲಿ ಚೀಟಿ ಬರೆದು, ತಾರೀಖು ಹಾಕಿ, ಸೀಲು ಒತ್ತಿ ಕೊಟ್ಟಿದ್ದ. ಆ ಕೀಯನ್ನು ಎಲ್ಲಿ ಇಟ್ಟರೆ ಹನುಮಂತರಾಯಪ್ಪನಿಗೆ ಹೆಚ್ಚು ಉರಿಯುತ್ತದೆ ಎಂದು ಎರಡು ತಿಂಗಳಿಂದ ಯೋಚಿಸುತ್ತಿದ್ದಳು. ಈಗ ಅವನೇ ಬಂದು ಜಾಗ ತೋರಿಸಿ ಹೋದ.

ಸೋಮವಾರ ಬೆಳಿಗ್ಗೆ ದಡದ ಶೆಡ್ಡಿನಲ್ಲಿ ಇನ್ಶೂರೆನ್ಸ್ ಕಂಪನಿಯಿಂದ ವಿಚಾರಣೆಗೆ ಬಂದ ಸರ್ವೇಯರ್ ರವಿಕುಮಾರ್ ಕಾಗದ ಹರಡಿಕೊಂಡು ಕೂತಿದ್ದ. ಹೊಸೂರಿನ ಹುಡುಗ, ಕನ್ನಡದಲ್ಲೇ ಕೇಳುತ್ತಿದ್ದ. ಹನುಮಂತರಾಯಪ್ಪ ಕಥೆ ಹೇಳಿದ. ಕುಡಿತವನ್ನೂ ಕುಣಿತವನ್ನೂ ಕಣ್ಣಿಗೆ ಕಟ್ಟುವ ಹಾಗೆ ಹೇಳಿದ. ಪಕ್ಕದಲ್ಲಿ ಬಚ್ಚಪ್ಪ ಗೋಣು ಆಡಿಸಿದ.

"ಬೋಟು ಮೇಲೆತ್ತಿದಾಗ ಇಂಜಿನ್ನಲ್ಲಿ ಕೀ ಇರಲಿಲ್ಲವಲ್ಲ?" ಎಂದ ರವಿಕುಮಾರ್.

"ಬಚ್ಚಪ್ಪನ ಕೈಲಿತ್ತು ಸಾರ್. ಈಜ್ಕೊಂಡು ಬರೋವಾಗ ಜಾರಿ ಡ್ಯಾಮಿನ ಪಾಲಾಯ್ತು."

"ಅದನ್ನೂ ಬರ್ಕೊಳ್ಳಿ ಸಾರ್," ಎಂದಳು ಸರಿತಾ ಮೆತ್ತಗೆ.

ರವಿಕುಮಾರ್ ಬರೆದುಕೊಂಡು ಓದಿ ಹೇಳಿದ. ಇಬ್ಬರೂ ಸಹಿ ಹಾಕಿದರು. ಹನುಮಂತರಾಯಪ್ಪನಂತೂ ಸಹಿಯ ಕೆಳಗೆ ಎರಡು ಗೆರೆ ಎಳೆದ.

"ನೀವೇನು ಹೇಳ್ತೀರಮ್ಮ?"

ಸರಿತಾ ಪೊಟ್ಟಣವನ್ನು ಮೇಜಿನ ಮೇಲಿಟ್ಟು ಬಿಚ್ಚಿದಳು. ಕತ್ತರಿಸಿದ ಉಡುದಾರ, ಅದಕ್ಕೆ ಗಂಟು ಹಾಕಿದ ಕೀ, ಸೀಲು ಒತ್ತಿದ ಚೀಟಿ. "ಅಣ್ಣ ಹೇಳೋ ಕೀ ಇದೇ ಸಾರ್. ನನ್ನ ಗಂಡನ ಸೊಂಟದಲ್ಲಿತ್ತು. ಓಡುಸ್ತಿದ್ದೋನು ಅವನೇ. ಬ್ಯಾಡ ಅಂದ್ರೂ ಗಾಳೀಲಿ ಕಳ್ಸಿದ್ದು ಈ ಅಣ್ಣ. ಅವನು ಕುಡ್ದಿರ್ಲಿಲ್ಲ."

ಬಚ್ಚಪ್ಪ ಚಪ್ಪಲಿ ಮೆಟ್ಟಿಕೊಳ್ಳದೆ ಎದ್ದು ಹೊರಗೆ ಹೋದ. ರವಿಕುಮಾರ್ ಚೀಟಿಯನ್ನು ಎರಡು ಸಲ ಓದಿ, ಕೀ ನಂಬರನ್ನು ತನ್ನ ಕಾಗದದೊಂದಿಗೆ ತಾಳೆ ನೋಡಿದ. ಆಮೇಲೆ, ಹೇಳುವುದಕ್ಕೆ ಕಷ್ಟಪಡುತ್ತಾ ಹೇಳಿದ: "ಅಮ್ಮ, ಇದನ್ನು ನಾನು ಬರೆದರೆ ಬೋಟಿನ ಕ್ಲೇಮ್ ಹೋಗುತ್ತೆ. ಜೊತೆಗೆ ನಿಮ್ಮದೂ ಹೋಗುತ್ತೆ. ಲೈಸೆನ್ಸ್ ಇಲ್ಲದೆ ಓಡಿಸಿದವರಿಗೆ ಏನೂ ಬರಲ್ಲ."

"ಗೊತ್ತು ಸಾರ್. ಬರ್ಕೊಳ್ಳಿ."

ಹನುಮಂತರಾಯಪ್ಪನ ಮುಖ ಹುಳಿ ಮಜ್ಜಿಗೆ ಕುಡಿದವನಂತೆ ಕಿವುಚಿಕೊಂಡಿತು. ಮೊದಲು ಬೈದ, ಆಮೇಲೆ ಅವಳ ಮಗಳ ಹೆಸರೆತ್ತಿ ಹೆದರಿಸಿದ, ಯಾವುದೂ ನಾಟದಾಗ ಅಳುತ್ತಾ ಅವಳ ಕಾಲಿಗೇ ಬಿದ್ದ. "ಸಾಲ ಮಾಡಿ ತಂದ ಬೋಟು ತಾಯೀ. ಬೀದಿಗೆ ಬಿದ್ದೋಗ್ತೀನಿ."

ಅವನ ಬೋಳು ನೆತ್ತಿಯನ್ನು ಸರಿತಾ ಕಣ್ಣು ತುಂಬ ನೋಡಿದಳು. ಹೊಟ್ಟೆ ತಣ್ಣಗಾಯಿತು. ಪಾಪ ಅನ್ನಿಸಬಹುದೇನೋ ಎಂದು ಒಂದು ಗಳಿಗೆ ಕಾದು ನೋಡಿದಳು, ಅನ್ನಿಸಲಿಲ್ಲ.

"ಬೀಳಣ್ಣ. ನೀರಿಗೆ ಬೀಳೋದಕ್ಕಿಂತ ಬೀದಿಗೆ ಬೀಳೋದು ವಾಸಿ. ಎದ್ದಾದ್ರೂ ಬರ್ಬೋದು."

ಬಸ್ಸು ಇಳಿದು ಮನೆ ಕಡೆ ನಡೆಯುತ್ತಾ ಲೆಕ್ಕ ಹಾಕಿದಳು. ಮಾವಿನ ಫ್ಯಾಕ್ಟರಿಯ ಕೂಲಿಯಲ್ಲಿ ಮೂರು ಹೊಟ್ಟೆ, ಒಂದು ಸ್ಕೂಲು. ಆ ಒಂದು ಲಕ್ಷವನ್ನು ಕೈಯಾರೆ ನೀರಿಗೆ ಎಸೆದು ಬಂದಿದ್ದಳು. ಹನುಮಂತರಾಯಪ್ಪನನ್ನು ಎದುರಿಸುವುದು ಸುಲಭವಿತ್ತು, ಮುನೀಶನನ್ನು ಹೆತ್ತವಳನ್ನು ಎದುರಿಸುವುದು ಹೇಗೆ ಎಂದು ಗೊತ್ತಾಗಲಿಲ್ಲ.

ವರಲಕ್ಷ್ಮಮ್ಮ ಜಗಲಿಯ ಮೇಲೆ ಕಾಯುತ್ತಿದ್ದಳು. "ಯಾವಾಗ ಕೊಡ್ತಾರಂತೆ?"

"ಕೊಡಲ್ಲ ಅತ್ತೆ. ನಿಮ್ಮ ಮಗ ಕುಡ್ದಿರ್ಲಿಲ್ಲ ಅಂತ ಬರ್ಸಿಬಂದೆ. ಆ ಹನುಮಂತರಾಯಪ್ಪನಿಗೂ ಇಲ್ಲ, ನಮಗೂ ಇಲ್ಲ."

ಸರಿತಾ ಬೈಗುಳಕ್ಕೆ ತಲೆ ತಗ್ಗಿಸಿ ನಿಂತಳು.

"ಅವನು ಅತ್ತನೇನೇ?"

"ಅತ್ತ. ಕಾಲಿಗೆ ಬಿದ್ದ."

ವರಲಕ್ಷ್ಮಮ್ಮ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು. "ಕೂತ್ಕೋ ಇಲ್ಲಿ. ಹೆಂಗೆ ಬಿದ್ದ, ಮೊದ್ಲಿಂದ ಹೇಳು."